ಸಿರ್ಸಿ ಕಡೆ ತೋಟ ಕೊಳ್ಳುವ ಮುಂಚೆ: ಮಾಲ್ಕಿ, ಬೆಟ್ಟ, ಅಬ್ಬಿ ನೀರು

"ಒಟ್ಟು ಹತ್ತು ಎಕರೆ ಅಂತೆ. ಮನೆ, ಕೊಟ್ಟಿಗೆ, ತೋಟ ಎಲ್ಲ ಸೇರಿ. ರೇಟೂ ಪರವಾಗಿಲ್ಲ." ಬೆಂಗಳೂರಿನಲ್ಲಿರುವ ನನ್ನ ಗೆಳೆಯ ಒಂದು ಜನವರಿಯಲ್ಲಿ ಹೆಂಡತಿಯ ಜೊತೆ ಜಾಗ ನೋಡಲು ಬಂದಾಗ ಹೇಳಿದ ಮಾತು ಇದು. ಸಿರ್ಸಿ ಪೇಟೆಯಿಂದ ಇಪ್ಪತ್ತು ಕಿಲೋಮೀಟರ್ ಒಳಗಿನ ಊರು. ನಾನು ಇಲ್ಲಿಯವನೇ, ಹಾಗಾಗಿ ನನ್ನನ್ನೂ ಕರೆದುಕೊಂಡು ಹೋದರು. ಬೆಳಗಿನ ಇಬ್ಬನಿ, ತೋಟದಲ್ಲಿ ಸಿಂಗಾರದ ಘಮ, ಅಂಗಳದ ತುಂಬ ಒಣಗಲು ಹರವಿದ ಅಡಿಕೆ. ಯಾರ ಮನಸ್ಸಾದರೂ ಸೋಲುವ ಹೊತ್ತು.

ಜಗುಲಿಯ ಮೇಲೆ ಕೂತು ಕಷಾಯ ಕುಡಿಯುತ್ತ ನಾನು ಪಹಣಿ, ಅಂದರೆ ಜಾಗ ಯಾರದ್ದು, ಎಷ್ಟು ಎಂದು ಹೇಳುವ ಕಂದಾಯ ದಾಖಲೆ, ಕೇಳಿದೆ. ಮನೆಯ ಅಜ್ಜ ಒಳಗಿನಿಂದ ಒಂದು ಪ್ಲಾಸ್ಟಿಕ್ ಕೊಟ್ಟೆ ತಂದು, ಅದರೊಳಗಿನ ಕಾಗದವನ್ನು ಬಿಡಿಸಿ ಕೊಟ್ಟರು. ಅದರಲ್ಲಿ ಇದ್ದದ್ದು 1 ಎಕರೆ 12 ಗುಂಟೆ.

ಗೆಳೆಯನ ಮುಖ ಸಪ್ಪಗಾಯಿತು. "ಉಳಿದ ಜಾಗ ಎಲ್ಲಿ ಅಜ್ಜ?"

ಅಜ್ಜ ಅಂಗಳದ ತುದಿಗೆ ಬಂದು ಕೈ ತೋರಿಸಿದರು. "ತಮಾ, ಹಳ್ಳದವರೆಗೆ ಕಾಣ್ತದಲ್ಲ ತೋಟ, ಅದು ಮಾಲ್ಕಿ. ಅದರ ಮೇಲೆ ಮರ ಇದ್ದದ್ದೆಲ್ಲ ನಮ್ಮ ಬೆಟ್ಟ, ಆರು ಎಕರೆ. ಆಚೆ ಬೇಲಿ ಹಾಕಿದ ಗೇರು ಗಿಡ ಅಪ್ಪನ ಕಾಲದ್ದು, ಎರಡೂವರೆ ಎಕರೆ. ಅದು ಅತಿಕ್ರಮಣ."

ಕೂಡಿದರೆ ಹತ್ತಿರ ಹತ್ತಿರ ಹತ್ತು ಎಕರೆ ಆಗುತ್ತದೆ. ಅಜ್ಜ ಸುಳ್ಳು ಹೇಳಿರಲಿಲ್ಲ. ಅವರ ಮನೆ ಮೂರು ತಲೆಮಾರಿನಿಂದ ಈ ಹತ್ತೂ ಎಕರೆಯ ಮೇಲೆ ಬದುಕಿದೆ. ಆದರೆ ಮಾರಲು ಅವರಿಗೆ ಹಕ್ಕಿರುವುದು 1 ಎಕರೆ 12 ಗುಂಟೆ ಮಾತ್ರ. ಉತ್ತರ ಕನ್ನಡದ ಘಟ್ಟದ ಮೇಲೆ ಜಾಗ ಕೊಳ್ಳುವವರಿಗೆ ಮೊದಲು ಅರ್ಥವಾಗಬೇಕಾದದ್ದು ಇದೇ. ಬಯಲುಸೀಮೆಯಲ್ಲಿ ಹೊಲ ಕೊಂಡು ರೂಢಿ ಇದ್ದವರಿಗೂ ಇದು ಹೊಸದು, ಯಾಕಂದರೆ ಅಲ್ಲಿ ಹೊಲ ಅಂದರೆ ಹೊಲ. ಇಲ್ಲಿ ಒಂದೇ ಬೇಲಿಯೊಳಗೆ ಮೂರು ಜಾತಿಯ ನೆಲ ಇರುತ್ತದೆ.

ಮಾಲ್ಕಿ ಅಂದರೆ ನಿಮ್ಮ ಹೆಸರಿಗೆ ಬರುವ, ಮಾರಬಹುದಾದ, ಸಾಲಕ್ಕೆ ಒತ್ತೆ ಇಡಬಹುದಾದ ಸ್ವಂತ ಜಾಗ. ಈ ಮಾತು ಬಂದಿದ್ದು ಮುಂಬೈ ಆಡಳಿತದಿಂದ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ತೆಗೆದು ಮುಂಬೈಗೆ ಸೇರಿಸಿದರು, 1956ರವರೆಗೆ ಅಲ್ಲಿಯೇ ಇತ್ತು. ಹಾಗಾಗಿ ನಮ್ಮ ಕಡೆಯ ಕಂದಾಯದ ಮಾತುಗಳು ಹಳೇ ಮೈಸೂರಿನವರಿಗೆ ಅರ್ಥವಾಗುವುದಿಲ್ಲ. ತಲಾಠಿ, ವಾಟ್ನಿ, ಬೋಜಾ, ಬಿನ್‌ಶೇತ್ಕಿ ಎಲ್ಲ ಆ ಕಾಲದ ಉಳಿಕೆ. ಹಳೆ ಕಾಗದ ಓದುವಾಗ ಈ ಮಾತು ಎದುರಾದರೆ ಗಾಬರಿ ಬೇಡ. ತಲಾಠಿ ಅಂದರೆ ಈಗಿನ ಗ್ರಾಮ ಆಡಳಿತಾಧಿಕಾರಿ. ವಾಟ್ನಿ ಅಂದರೆ ಅಣ್ಣತಮ್ಮಂದಿರ ಪಾಲುಪಟ್ಟಿ. ಬೋಜಾ ಅಂದರೆ ಜಾಗದ ಮೇಲಿನ ಸಾಲ. ಬಿನ್‌ಶೇತ್ಕಿ ಅಂದರೆ ಕೃಷಿಯಲ್ಲದ ಉಪಯೋಗಕ್ಕೆ ಬದಲಾಯಿಸಿದ ಜಾಗ.

ಇನ್ನು ಬೆಟ್ಟ. ನಕ್ಷೆಯಲ್ಲಿ ಎತ್ತರವಾಗಿ ಕಾಣುವ ಬೆಟ್ಟ ಅಂದುಕೊಳ್ಳಬೇಡಿ. ಇದು ಸೊಪ್ಪಿನ ಬೆಟ್ಟ. ಅಡಿಕೆ ತೋಟಕ್ಕೆ ಪ್ರತಿ ವರ್ಷ ಹಸಿ ಸೊಪ್ಪು, ದರಕು (ಉದುರಿದ ಒಣ ಎಲೆ), ಗೊಬ್ಬರ ಬೇಕು. ಬೇಸಿಗೆಯಲ್ಲಿ ದರಕು ಗುಡಿಸಿ ತಂದು ಕೊಟ್ಟಿಗೆಗೆ ಹಾಸುತ್ತಾರೆ, ಅದು ಸಗಣಿ ಜೊತೆ ಕೊಳೆತು ಗೊಬ್ಬರ ಆಗುತ್ತದೆ. ಬ್ರಿಟಿಷರು ಕಾಡನ್ನೆಲ್ಲ ಸರ್ಕಾರದ್ದು ಎಂದು ಗುರುತು ಹಾಕುವಾಗ, ಸೊಪ್ಪಿಲ್ಲದೆ ತೋಟ ಉಳಿಯುವುದಿಲ್ಲ ಎಂದು ಬೆಳೆಗಾರರು ಪಟ್ಟು ಹಿಡಿದರು. ಹಾಗಾಗಿ ಪ್ರತಿ ತೋಟಕ್ಕೂ ಇಷ್ಟು ಬೆಟ್ಟ ಎಂದು ಬಿಟ್ಟುಕೊಟ್ಟರು. ಇದನ್ನೇ ಕೆನರಾ ಪ್ರಿವಿಲೇಜ್ ಅನ್ನುತ್ತಾರೆ. ಪ್ರಿವಿಲೇಜ್ ಎನ್ನುವ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಅದು ಸವಲತ್ತು, ಒಡೆತನ ಅಲ್ಲ. ಸೊಪ್ಪು ಕಡಿಯಬಹುದು, ದರಕು ಗುಡಿಸಬಹುದು, ದನ ಮೇಯಿಸಬಹುದು, ಒಣ ಕಟ್ಟಿಗೆ ತರಬಹುದು. ನೆಲ ಸರ್ಕಾರದ್ದು. ಮನೆ ಕಟ್ಟುವ ಹಾಗಿಲ್ಲ. ಮರ ಬುಡಸಮೇತ ಕಡಿಯುವ ಹಾಗಿಲ್ಲ. ತೋಟ ಬಿಟ್ಟು ಬೆಟ್ಟ ಒಂದನ್ನೇ ಮಾರುವ ಹಾಗೂ ಇಲ್ಲ, ತೋಟ ಕೊಂಡವರಿಗೆ ಅದರ ಬೆಟ್ಟದ ಸವಲತ್ತು ಹೋಗುತ್ತದೆ.

ಅಂದರೆ ಬೆಟ್ಟಕ್ಕೆ ಬೆಲೆ ಇಲ್ಲ ಅಂತಲ್ಲ. ಒಳ್ಳೆಯ ಬೆಟ್ಟ ಇರುವ ತೋಟ, ಬೋಳು ಬೆಟ್ಟದ ತೋಟ ಎರಡನ್ನೂ ಪಕ್ಕಪಕ್ಕ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಮರ ತುಂಬಿದ ಬೆಟ್ಟದ ಕೆಳಗೆ ಏಪ್ರಿಲ್‌ನಲ್ಲೂ ಕಾಲಿಗೆ ತಂಪು ತಾಗುತ್ತದೆ. ನನ್ನನ್ನು ಕೇಳಿದರೆ ಬೆಟ್ಟ ನೋಡದೆ ತೋಟ ಕೊಳ್ಳಲೇಬಾರದು. ಆದರೆ ದರ ಮಾತಾಡುವಾಗ ಅದನ್ನು ಮಾಲ್ಕಿ ಎಕರೆಯ ಲೆಕ್ಕಕ್ಕೆ ಸೇರಿಸಬೇಡಿ.

ಮೂರನೆಯದು ಅತಿಕ್ರಮಣ. ಈ ಮಾತು ಹೊರಗಿನವರ ಕಿವಿಗೆ ಕಳ್ಳತನದ ಹಾಗೆ ಕೇಳುತ್ತದೆ. ಇಲ್ಲಿ ಹಾಗಲ್ಲ. ಜಿಲ್ಲೆಯ ಹತ್ತಿರ ಹತ್ತಿರ ಶೇ. 80 ಭಾಗ ಕಾಡು. ಉಳಿದ ಚೂರಿನಲ್ಲೇ ಪೇಟೆ, ರಸ್ತೆ, ತೋಟ, ಗದ್ದೆ ಎಲ್ಲ ಆಗಬೇಕು. ಅಪ್ಪ ಅಜ್ಜನ ಕಾಲದಿಂದ ಅರಣ್ಯ ಇಲಾಖೆಯ ನೆಲದಲ್ಲಿ ಗುಡಿಸಲು ಕಟ್ಟಿ, ಬೆಳೆ ತೆಗೆದು ಬದುಕಿದ ಸಾವಿರಾರು ಮನೆಗಳಿವೆ. ಅವರಲ್ಲಿ ಹೆಚ್ಚಿನವರಿಗೆ ಬೇರೆ ನೆಲವೇ ಇಲ್ಲ. 1978ರ ಏಪ್ರಿಲ್ 27ಕ್ಕಿಂತ ಮುಂಚಿನ ಸಾಗುವಳಿಗೆ ಮಂಜೂರಿ ಎಂಬ ಲೆಕ್ಕ ಒಂದಿದೆ. 2006ರ ಅರಣ್ಯ ಹಕ್ಕು ಕಾಯ್ದೆಯ ಲೆಕ್ಕ ಬೇರೆ. ಅದರ ಪ್ರಕಾರ 2005ರ ಡಿಸೆಂಬರ್ 13ಕ್ಕೆ ಮುಂಚೆ ಸಾಗುವಳಿ ಇರಬೇಕು, ಪರಿಶಿಷ್ಟ ಪಂಗಡದವರು ಅಲ್ಲದಿದ್ದರೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿದ್ದಕ್ಕೆ ಆಧಾರ ಬೇಕು. ಬಡವರ ಮನೆಯಲ್ಲಿ 75 ವರ್ಷದ ಕಾಗದ ಎಲ್ಲಿಂದ ಬರಬೇಕು ಹೇಳಿ. ಹಾಗಾಗಿ ತಿರಸ್ಕಾರವಾದ ಅರ್ಜಿಗಳೇ ಜಾಸ್ತಿ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ಕೊಳ್ಳುವವರಿಗೆ ಮಾತ್ರ ಉತ್ತರ ಸರಳವಾಗಿದೆ. ಅತಿಕ್ರಮಣದ ಜಾಗ ಕೊಳ್ಳಲು ಬರುವುದಿಲ್ಲ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಹಕ್ಕುಪತ್ರ ಸಿಕ್ಕಿದ್ದರೂ ಅದು ಮಕ್ಕಳಿಗೆ ಹೋಗುತ್ತದೆ, ಮಾರಲು ಬರುವುದಿಲ್ಲ. "ಸ್ಟಾಂಪ್ ಪೇಪರ್ ಮೇಲೆ ಬರೆದುಕೊಡ್ತೇವೆ, ನೋಟರಿ ಮಾಡಿಸೋಣ, ಮುಂದೆ ಸಕ್ರಮ ಆಗ್ತದೆ" ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಆ ಕಾಗದಕ್ಕೆ ಹಾಕಿದ ದುಡ್ಡು ಹೋಯಿತು ಅಂತಲೇ ಲೆಕ್ಕ. ಅದರ ಜೊತೆ ಒಂದು ಕುಟುಂಬದ ಬದುಕಿನ ಆಸರೆಯೂ ಹೋಗುತ್ತದೆ, ಯಾಕಂದರೆ ಸಾಗುವಳಿ ಬಿಟ್ಟ ಮೇಲೆ ಅವರ ಅರ್ಜಿಗೂ ಬಲ ಇರುವುದಿಲ್ಲ.

ಪಹಣಿ ಓದುವುದು

ಪಹಣಿ ಎಂದರೆ ಆರ್‌ಟಿಸಿ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದು ಅದು ಕಂಪ್ಯೂಟರಿಗೆ ಹತ್ತಿತು. ಈಗ ಮನೆಯಲ್ಲೇ ಕೂತು ನೋಡಬಹುದು. ಹೆಚ್ಚಿನವರು ಮಾಲೀಕರ ಹೆಸರು ನೋಡಿ ಮಡಚಿಡುತ್ತಾರೆ. ಹೆಸರು ಇರುವುದು 9ನೇ ಕಾಲಂನಲ್ಲಿ. ಅದರ ಪಕ್ಕದ 10, 11ನೇ ಕಾಲಂನಲ್ಲೇ ನಿಜವಾದ ಕಥೆ ಇರುತ್ತದೆ. 10ರಲ್ಲಿ ಆ ಜಾಗ ಅವರಿಗೆ ಹೇಗೆ ಬಂತು ಎಂದಿರುತ್ತದೆ, ಮ್ಯುಟೇಶನ್, ಅಂದರೆ ಹಕ್ಕು ಬದಲಾವಣೆಯ ನಂಬರಿನ ಸಮೇತ. 11ರಲ್ಲಿ ಸಾಲ, ತಡೆಯಾಜ್ಞೆ, ಇತರರ ಹಕ್ಕು. ಸೊಸೈಟಿಯಲ್ಲಿ ಬೆಳೆಸಾಲ ಇಲ್ಲದ ತೋಟ ನಮ್ಮ ಕಡೆ ಸಿಗುವುದೇ ಅಪರೂಪ. ಅದು ಇದ್ದರೆ ಹೆದರಬೇಕಿಲ್ಲ. ಸಾಲ ತೀರಿಸಿ, ಬೋಜಾ ಕಡಿಮೆ ಮಾಡಿಸಿಕೊಟ್ಟ ಮೇಲೆ ಖರೀದಿ ಎಂದು ಕರಾರಿನಲ್ಲೇ ಬರೆಸಿ.

ಒಂದೇ ವರ್ಷದ ಪಹಣಿ ಸಾಲದು. ಹಿಂದಕ್ಕೆ ಹೋಗಿ, ಕೈಬರಹದ ಪಹಣಿಯವರೆಗೂ ಹೋಗಿ. ಇದಕ್ಕೆ ಕಾರಣವಿದೆ. ಉತ್ತರ ಕನ್ನಡದಲ್ಲಿ ಬಹಳ ತೋಟ, ಗದ್ದೆ ಹಿಂದೆ ಗೇಣಿಗೆ ಇದ್ದವು. 1974ರ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿ, ಉಳುವವರು ಏಳನೇ ನಮೂನೆಯಲ್ಲಿ ಅರ್ಜಿ ಹಾಕಿದರು. ಮಂಜೂರಾದವರಿಗೆ ಹತ್ತನೇ ನಮೂನೆಯ ಹಕ್ಕುಪತ್ರ ಸಿಕ್ಕಿತು. ಆ ಜಾಗವನ್ನು 15 ವರ್ಷ ಮಾರುವ ಹಾಗಿರಲಿಲ್ಲ. ಈಗ ಆ ಅವಧಿ ಹೆಚ್ಚಿನವಕ್ಕೆ ಮುಗಿದಿದೆ, ಆದರೆ ಇನ್ನೊಂದು ತೊಡಕು ಉಳಿದಿದೆ. ಅರ್ಜಿಯನ್ನು ಮನೆಯ ಹಿರಿಯಣ್ಣ ಒಬ್ಬನೇ ಹಾಕಿರುತ್ತಾನೆ, ಗೇಯ್ದವರು ನಾಲ್ಕು ಜನ ಅಣ್ಣತಮ್ಮಂದಿರು. ಕಾಗದದಲ್ಲಿ ಒಂದೇ ಹೆಸರು, ಪಾಲು ನಾಲ್ಕು ಮನೆಗೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯ ಆಗುತ್ತದೆ. ಸರ್ಕಾರದ ಅನುಮತಿ ಇಲ್ಲದ ಮಾರಾಟ ಎಷ್ಟು ವರ್ಷದ ಮೇಲೂ ರದ್ದಾಗಬಹುದು. 2023ರ ತಿದ್ದುಪಡಿ ಅದನ್ನು ಇನ್ನೂ ಗಟ್ಟಿ ಮಾಡಿದೆ.

ಹೆಣ್ಣುಮಕ್ಕಳ ಸಹಿಯ ಬಗ್ಗೆ ಒಂದು ಮಾತು. "ಅಕ್ಕಂದಿರಿಗೆ ಮದುವೆಯಲ್ಲಿ ಬಂಗಾರ ಕೊಟ್ಟಾಗಿದೆ, ಅವರೇನೂ ಕೇಳೂದಿಲ್ಲ" ಎಂಬುದನ್ನು ಪ್ರತಿ ಜಗುಲಿಯ ಮೇಲೂ ಕೇಳುತ್ತೀರಿ. ಕರ್ನಾಟಕದಲ್ಲಿ 1994ರಿಂದ, ದೇಶಕ್ಕೆಲ್ಲ 2005ರಿಂದ ಹೆಣ್ಣುಮಕ್ಕಳಿಗೆ ಹಿರಿಯರ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಪಾಲಿದೆ. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಸ್ಪಷ್ಟ ಮಾಡಿತು. ಅಕ್ಕತಂಗಿಯರೆಲ್ಲ ಬಂದು ಖರೀದಿ ಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ಮುಂಚೆಯೇ ನೋಂದಣಿಯಾದ ಹಕ್ಕುಬಿಡುಗಡೆ ಪತ್ರ ಇರಬೇಕು. ಇದು ಬರೀ ನಿಮ್ಮ ಸುರಕ್ಷತೆಗೆ ಅಲ್ಲ. ಅವರ ಪಾಲು ಅವರಿಗೆ ಸಲ್ಲಬೇಕು.

ನೋಂದಣಿ ಕಚೇರಿಯ ಋಣಭಾರ ಪತ್ರ, ಅಂದರೆ ಇಸಿ, 30 ವರ್ಷದ್ದು ತೆಗೆಸಿ. ವ್ಯವಹಾರ ಆಗಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16 ಬರುತ್ತದೆ. ಇಸಿ ಸ್ವಚ್ಛ ಇದ್ದ ಮಾತ್ರಕ್ಕೆ ಎಲ್ಲ ಸ್ವಚ್ಛ ಅಂತಲ್ಲ. ಬಾಯಿಮಾತಿನ ವಾಟ್ನಿ, ನೋಂದಣಿ ಆಗದ ಕರಾರು, ಕೋರ್ಟಿನ ದಾವೆ ಅದರಲ್ಲಿ ಕಾಣದೇ ಹೋಗಬಹುದು. ಊರಿನ ನಾಲ್ಕು ಮನೆಯಲ್ಲಿ ಕೇಳಿದರೆ ಗೊತ್ತಾಗುತ್ತದೆ. ಸರ್ವೆ ನಂಬರಿನ ಒಂದು ತುಂಡು ಮಾತ್ರ ಕೊಳ್ಳುವುದಾದರೆ ಆ ತುಂಡನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕೇ ಬೇಕು. ಪಹಣಿಯಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಎಷ್ಟಿದೆ ಅದನ್ನೂ ನೋಡಿ. ಬ ಖರಾಬು ಅಂದರೆ ಹಳ್ಳ, ದಾರಿ ಇಂಥ ಸಾರ್ವಜನಿಕ ಜಾಗ, ಅದು ನಿಮ್ಮದಾಗುವುದಿಲ್ಲ. ಅಳತೆ ಮಾಡುವಾಗ ನೆನಪಿರಲಿ, 16 ಆಣೆಗೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ.

ಕೃಷಿಕರಲ್ಲದವರು ಕೊಳ್ಳಬಹುದಾ ಎಂದು ಎಲ್ಲರೂ ಕೇಳುತ್ತಾರೆ. ಕೊಳ್ಳಬಹುದು. ಅದಕ್ಕೆ ಅಡ್ಡಿಯಾಗಿದ್ದ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು 2020ರಲ್ಲಿ ತೆಗೆದುಹಾಕಿದ್ದಾರೆ. ಅನಿವಾಸಿ ಭಾರತೀಯರಿಗೆ ಮಾತ್ರ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳಲು ಬರುವುದಿಲ್ಲ, ಅದು ವಿದೇಶಿ ವಿನಿಮಯದ ಕಾನೂನು.

ನೀರು, ಹಾದಿ

ಇಲ್ಲಿಯವರೆಗಿನದ್ದು ಒಳ್ಳೆಯ ವಕೀಲರೊಬ್ಬರು ನೋಡಿಕೊಡುತ್ತಾರೆ. ಮುಂದಿನದ್ದನ್ನು ನೀವೇ ನಡೆದು ನೋಡಬೇಕು.

ಅಜ್ಜನ ಮನೆಗೆ ಬಾವಿ ಇತ್ತು. ಆದರೆ ತೋಟಕ್ಕೆ, ಬಚ್ಚಲಿಗೆ, ಕೊಟ್ಟಿಗೆಗೆ ಬರುತ್ತಿದ್ದದ್ದು ಅಬ್ಬಿ ನೀರು. ಮೇಲಿನ ಗುಡ್ಡದ ಒರತೆಯಿಂದ ತಾನಾಗಿ ಇಳಿದು ಬರುವ ನೀರು. ಹಿಂದೆ ಅಡಿಕೆ ದಬ್ಬೆಯಲ್ಲಿ ತರುತ್ತಿದ್ದರು, ಈಗ ಕಪ್ಪು ಪೈಪು. ಕರೆಂಟು ಬೇಡ, ಪಂಪು ಬೇಡ, ಹಗಲು ರಾತ್ರಿ ಸುರಿಯುತ್ತಿರುತ್ತದೆ. ಜನವರಿಯಲ್ಲಿ ಅದನ್ನು ನೋಡಿ ಗೆಳೆಯನ ಹೆಂಡತಿ ಕೈಯೊಡ್ಡಿ ಕುಡಿದೇಬಿಟ್ಟರು. ನಾನು ಹೇಳಿದೆ, "ಅಡ್ವಾನ್ಸ್ ಈಗ ಕೊಡಬೇಡಿ. ಮೇ ತಿಂಗಳಲ್ಲಿ ಒಂದು ಸಲ ಬನ್ನಿ."

ಮೇ ಎರಡನೇ ವಾರ ಬಂದರು. ಪೈಪಿನ ಜಾಡು ಹಿಡಿದು ಅಜ್ಜನ ಮಗನ ಜೊತೆ ಗುಡ್ಡ ಹತ್ತಿದೆವು. ಮುಕ್ಕಾಲು ಕಿಲೋಮೀಟರ್ ಇತ್ತು. ಮೂರು ಕಡೆ ಪೈಪು ಒಡೆದು, ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಕಟ್ಟಿದ್ದರು. ಒಂದು ಕಡೆ ಪೈಪು ಪಕ್ಕದ ಮನೆಯವರ ಮಾಲ್ಕಿ ತೋಟದ ಅಂಚಿನಲ್ಲೇ ಹಾದು ಬಂದಿತ್ತು. ಮೇಲೆ ಒರತೆಯ ಬಾಯಿಗೆ ಒಂದು ಸಣ್ಣ ಸಿಮೆಂಟ್ ತೊಟ್ಟಿ. ಅದರ ಗೋಡೆಯಲ್ಲಿ ಒಂದೇ ಎತ್ತರಕ್ಕೆ, ಒಂದೇ ಗಾತ್ರದ ಮೂರು ತೂತು. ಮೂರು ಮನೆಗೆ ಮೂರು ಪಾಲು. ಒಂದು ತೂತು ಅರ್ಧ ಇಂಚು ಕೆಳಗಿದ್ದರೂ ಜಗಳ ಆಗುತ್ತದೆ, ಅದಕ್ಕೇ ಮಟ್ಟಗೋಲು ಇಟ್ಟು ಮಾಡಿದ್ದಂತೆ. ತೊಟ್ಟಿಯ ಹಾವಸೆಯ ಮೇಲೆ ಜನವರಿಯ ನೀರಿನ ಗುರುತು ಇನ್ನೂ ಇತ್ತು. ನೀರು ಅದಕ್ಕಿಂತ ಒಂದು ಗೇಣು ಕೆಳಗಿತ್ತು.

ನೀರು ಅಳೆಯುವುದು ಕಷ್ಟವಲ್ಲ. ಒಂದು ಕೊಡ, ಒಂದು ಮೊಬೈಲು ಸಾಕು. ಒರತೆಯ ಒಟ್ಟು ನೀರಿಗೆ 15 ಲೀಟರಿನ ಕೊಡ ಹಿಡಿದೆವು. ತುಂಬಲು ಎರಡು ನಿಮಿಷ ಬೇಕಾಯಿತು. ಗಂಟೆಗೆ 450 ಲೀಟರ್, ದಿನಕ್ಕೆ 10,800. ಮೂರು ಮನೆಗೆ ಹಂಚಿದರೆ ಒಂದು ಮನೆಗೆ 3,600 ಲೀಟರ್. ಒಂದು ಎಕರೆಯಲ್ಲಿ ಐನೂರು ಚಿಲ್ಲರೆ ಅಡಿಕೆ ಮರ ಇರುತ್ತದೆ. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಎಂದು ಲೆಕ್ಕ. ಅಂದರೆ ಎಕರೆಗೆ ಎಂಟರಿಂದ ಹತ್ತು ಸಾವಿರ ಲೀಟರ್. ಅಬ್ಬಿ ಒಂದನ್ನೇ ನಂಬಿದರೆ ಸಾಲದು ಎಂದು ಅಲ್ಲೇ ಗೊತ್ತಾಯಿತು. ಕಣಿವೆಯ ತಗ್ಗಿನ ಹಳೆ ತೋಟಗಳು ತಂಪಿನ ಮೇಲೆಯೇ ಬದುಕುತ್ತವೆ, ಅಷ್ಟು ನೀರು ಬೇಡುವುದಿಲ್ಲ ಎನ್ನುವುದೂ ನಿಜ. ಅಜ್ಜನ ತೋಟದಲ್ಲಿ ಕೆಳಗಿನ ಅರ್ಧ ಅಂಥದ್ದು, ಮೇಲಿನ ಅರ್ಧಕ್ಕೆ ನೀರು ಬೇಕು. ಇದನ್ನು ಯಾವ ದಾಖಲೆಯೂ ಹೇಳುವುದಿಲ್ಲ.

ಪಾಲಿನ ಪ್ರಶ್ನೆಯೂ ಇದೆ. ಒರತೆ ಬೆಟ್ಟದಲ್ಲಿದ್ದರೆ ಅದು ಯಾರ ಸ್ವಂತವೂ ಅಲ್ಲ. ಮೂರು ಮನೆಯ ಹೊಂದಾಣಿಕೆಯ ಮೇಲೆ ನಡೆದುಬಂದದ್ದು. ಹೊಸಬರು ಬಂದಾಗ ಆ ಹೊಂದಾಣಿಕೆ ಮುಂದುವರಿಯುತ್ತದಾ? ಕೇಳಿ ತಿಳಿದುಕೊಳ್ಳಬೇಕು. ದುಡ್ಡು ಕೊಟ್ಟ ಮೇಲಲ್ಲ, ಮುಂಚೆ.

ಹಾದಿಯದ್ದೂ ಇದೇ ಕಥೆ. ಟಾರು ರಸ್ತೆಯಿಂದ ಮನೆಗೆ ಹೋಗುವ ಮಣ್ಣಿನ ಹಾದಿ ಯಾರ ಜಾಗದ ಮೇಲಿದೆ? ಊರಿನ ನಕ್ಷೆಯಲ್ಲಿ ಅದು ದಾರಿ ಎಂದು ಇದೆಯಾ? ಪಕ್ಕದವರ ಮಾಲ್ಕಿಯಲ್ಲಿದ್ದರೆ, 20 ವರ್ಷ ಯಾರ ತಡೆಯೂ ಇಲ್ಲದೆ ಹಕ್ಕಿನಿಂದ ಓಡಾಡಿದ್ದಕ್ಕೆ 1882ರ ಈಸ್‌ಮೆಂಟ್ ಕಾಯ್ದೆಯಲ್ಲಿ ರಕ್ಷಣೆ ಇದೆ. ಆದರೆ "ನಾವೇ ಪರವಾನಗಿ ಕೊಟ್ಟಿದ್ದು" ಎಂದು ಅವರು ಹೇಳಿದರೆ ಆ ವಾದ ಬೀಳುತ್ತದೆ. ನಡೆಯುವ ಹಕ್ಕು ಬೇರೆ, ಲಾರಿ ಹೋಗುವ ಹಕ್ಕು ಬೇರೆ. ನಮ್ಮ ಕಡೆ ತಲೆಹೊರೆ ಹೋಗುತ್ತಿದ್ದ ಹಾದಿಯಲ್ಲಿ ಜೆಸಿಬಿ ತರಲು ಹೋಗಿ ಎಷ್ಟು ಮನೆಗಳ ಮಾತು ನಿಂತಿದೆಯೋ! ಮನೆ ಕಟ್ಟಲು ಚಿರೆಕಲ್ಲು ಹೇಗೆ ಬರುತ್ತದೆ ಎಂದು ಮೊದಲೇ ಯೋಚಿಸಿ. ಕಾರವಾರದ ಕಡೆ ಅಥವಾ ಗೋಕರ್ಣದ ಕಡೆ ಸಮುದ್ರದ ಹತ್ತಿರ ನೋಡುವವರಿಗೆ ಇದರ ಜಾಗದಲ್ಲಿ ಸಿಆರ್‌ಜೆಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ, ಎದುರಾಗುತ್ತದೆ. ಭರತದ ಗೆರೆಯಿಂದ 500 ಮೀಟರ್ ಒಳಗೆ ಕಟ್ಟಡಕ್ಕೆ ನಿರ್ಬಂಧ, ಅದು ಅಳಿವೆ, ಹಿನ್ನೀರಿನ ದಂಡೆಗೂ ಒಂದು ಅಳತೆಯವರೆಗೆ ಅನ್ವಯಿಸುತ್ತದೆ. ಜೋಯಿಡಾ ಕಡೆಯಾದರೆ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಗಡಿ ಕೇಳಬೇಕು.

ಮಳೆಯಲ್ಲಿ ಒಮ್ಮೆ ನೋಡಿ

ಮೇ ತಿಂಗಳು ನೀರು ನೋಡಲು. ನೆಲ ನೋಡಲು ಜುಲೈ. ಸಿರ್ಸಿಯಲ್ಲಿ ವರ್ಷಕ್ಕೆ 2,500 ಮಿಲಿಮೀಟರ್ ಆಸುಪಾಸು ಮಳೆ. ಘಟ್ಟದ ಅಂಚಿನ ಊರುಗಳಲ್ಲಿ ಇದಕ್ಕಿಂತ ಎಷ್ಟೋ ಜಾಸ್ತಿ. ಹೆಚ್ಚಿನದ್ದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬೀಳುತ್ತದೆ. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡಕ್ಕೆ ಗುಡ್ಡವೇ ಇಳಿದು, ತಲೆಮಾರುಗಳ ತೋಟ ಮಣ್ಣಿನಡಿ ಹೋಯಿತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಗಂಗಾವಳಿ ನದಿಗೇ ಕುಸಿಯಿತು, ಜೀವಗಳು ಹೋದವು. ಇವು ದೂರದ ಸುದ್ದಿ ಅಲ್ಲ ನಮಗೆ.

ಧರೆ, ಅಂದರೆ ಕಡಿದಾದ ಮಣ್ಣಿನ ಇಳಿಜಾರು, ಹೇಗೆ ಕುಸಿಯುತ್ತದೆ ಎಂದು ತಿಳಿದರೆ ಜಾಗ ನೋಡುವ ಕಣ್ಣು ಬದಲಾಗುತ್ತದೆ. ನಮ್ಮ ಕೆಂಪು ಮಣ್ಣು ನೀರು ಹೀರಿ ಭಾರವಾಗುತ್ತದೆ. ಅದರ ಕೆಳಗೆ ಗಟ್ಟಿ ಕಲ್ಲು ಅಥವಾ ಜೇಡಿ ಇದ್ದರೆ ನೀರು ಮುಂದೆ ಇಳಿಯದೆ ಅಲ್ಲೇ ನಿಲ್ಲುತ್ತದೆ, ಮೇಲಿನ ಮಣ್ಣು ಜಾರತೊಡಗುತ್ತದೆ. ಬುಡದಲ್ಲಿ ಮಣ್ಣು ಇದ್ದಷ್ಟು ದಿನ ಅದು ತಡೆದು ನಿಲ್ಲುತ್ತದೆ. ಸಮತಟ್ಟು ಅಂಗಳ ಬೇಕೆಂದು ಜೆಸಿಬಿ ತಂದು ಬುಡವನ್ನೇ ಕೊರೆದರೆ ತಡೆ ಹೋಯಿತು. ಇಳಿಜಾರಿನ ಮೇಲೆ ಬಿಲ್ಲಿನಾಕಾರದ ಬಿರುಕು, ಒಂದೇ ಕಡೆ ವಾಲಿದ ಮರಗಳು, ಇಲ್ಲದ ಕಡೆ ಹೊಸದಾಗಿ ಎದ್ದ ಒರತೆ, ತಿಳಿಯಾಗಿದ್ದ ಅಬ್ಬಿ ದಿಢೀರ್ ಕೆಂಪಾಗುವುದು, ಇವು ಎಚ್ಚರದ ಗುರುತು. ಹಳೆ ಮನೆಗಳು ಹೆಚ್ಚಾಗಿ ಕಡಿದಾದ ಧರೆಯ ಕೆಳಗೆ ಇರುವುದಿಲ್ಲ, ಗಮನಿಸಿ. ಹಿರಿಯರು ಗುಡ್ಡ ಕಡಿಯುವ ಬದಲು ಜಾಗ ಹುಡುಕುತ್ತಿದ್ದರು. ಹೊಸದಾಗಿ ಗುಡ್ಡ ಕಡಿದು ಮಾಡಿದ ಸೈಟು ಎಷ್ಟೇ ಚೆಂದ ಕಂಡರೂ ನಾನು ಬೇಡ ಎನ್ನುತ್ತೇನೆ.

ಮನೆ ಕಟ್ಟುವ ವಿಷಯ. ಕೃಷಿ ಜಮೀನಿನಲ್ಲಿ ವಾಸದ ಮನೆಗೆ ಬಿನ್‌ಶೇತ್ಕಿ ಆಗಬೇಕು. ಕೃಷಿಕರು ತಮ್ಮ ಹಿಡುವಳಿಯ ಶೇ. 10ರ ಮಿತಿಯಲ್ಲಿ ಫಾರ್ಮ್‌ಹೌಸ್ ಕಟ್ಟಿಕೊಳ್ಳಲು ಅವಕಾಶ ಇದೆ, ಆದರೆ ಅದನ್ನು ಹೋಂಸ್ಟೇ ಮಾಡಿ ಬಾಡಿಗೆಗೆ ಕೊಟ್ಟರೆ ಲೆಕ್ಕ ಬೇರೆ. ಹಳೆ ಮನೆ ಇದ್ದರೆ ಪಂಚಾಯ್ತಿಯ ಆಸ್ತಿಗಳ ಕಂಪ್ಯೂಟರ್ ದಾಖಲೆಯಾದ ಇ-ಸ್ವತ್ತಿನಲ್ಲಿ ಅದರ ನಮೂನೆ 9 ಅಥವಾ 11 ಇದೆಯಾ ನೋಡಿ. ತೊಲೆ, ಪಕಾಸಿಗೆ ವರಲೆ ಹತ್ತಿದೆಯಾ ತಟ್ಟಿ ನೋಡಿ. ಮಾಲ್ಕಿಯಲ್ಲಿರುವ ಮರ ಕಡಿಯಲೂ 1976ರ ಮರ ಸಂರಕ್ಷಣಾ ಕಾಯ್ದೆಯಂತೆ ಪರವಾನಗಿ ಬೇಕು. ತೇಗ, ಸೀಸಂ, ಗಂಧ ಇದ್ದರಂತೂ ಮೊದಲು ಕೇಳಿಯೇ ಮುಂದುವರಿಯಿರಿ.

ಕೊಂಡ ಮೇಲೆ ಬದುಕಬೇಕಲ್ಲ

ಅಡಿಕೆ ತೋಟ ಬೀಗ ಹಾಕಿ ಹೋಗುವ ಆಸ್ತಿ ಅಲ್ಲ. ಮಳೆ ಹಿಡಿಯುವ ಮುಂಚೆ ಕೊಳೆರೋಗಕ್ಕೆ ಬೋರ್ಡೋ ಹೊಡೆಯಬೇಕು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ನಲವತ್ತು, ನಲವತ್ತೈದು ದಿನಕ್ಕೆ ಮತ್ತೊಮ್ಮೆ. ಜುಲೈನಲ್ಲಿ ಎರಡು ದಿನ ಬಿಸಿಲು ಬಿದ್ದರೆ ಊರಿನ ಎಲ್ಲರಿಗೂ ಅದೇ ಎರಡು ದಿನ ಬೇಕು. ಮರ ಹತ್ತುವ ಕೊನೆಗೌಡರು ಊರಿಗೆ ಒಬ್ಬಿಬ್ಬರು. ಅವರು ಯಾರ ಮನೆಗೆ ಮೊದಲು ಬರುತ್ತಾರೆ? ವರ್ಷವಿಡೀ ಮಾತಾಡಿಸಿದವರ ಮನೆಗೆ. ಈಗ ಉದ್ದ ಕೋಲಿನ ದೋಟಿಯಲ್ಲಿ ನೆಲದಿಂದಲೇ ಕೊನೆ ಕೊಯ್ಯುವುದು, ಔಷಧಿ ಹೊಡೆಯುವುದು ಬಂದಿದೆ, ಅದಕ್ಕೂ ಕಲಿತ ಕೈ ಬೇಕು. ಮುರಿಯಾಳು ಎಂಬ ಪದ್ಧತಿ ಇನ್ನೂ ಅಲ್ಲಲ್ಲಿ ಉಳಿದಿದೆ. ಇವತ್ತು ನಾನು ನಿಮ್ಮ ಮನೆಗೆ, ನಾಳೆ ನೀವು ನಮ್ಮ ಮನೆಗೆ. ಕೂಲಿ ಕೊಡುತ್ತೇನೆ, ಬೇರೆ ಸಂಬಂಧ ಬೇಡ ಎಂದು ಬಂದವರಿಗೆ ಇಲ್ಲಿ ಬಹಳ ಕಷ್ಟ.

ಮಾರಾಟದ ಚಿಂತೆ ಅಷ್ಟಿಲ್ಲ. ಸಿರ್ಸಿಯ ತೋಟಗಾರ್ಸ್ ಸೊಸೈಟಿ 1923ರಿಂದ ನಡೆದಿದೆ, ಸದಸ್ಯರಾದರೆ ಅಡಿಕೆ ಟೆಂಡರಿಗೆ ಇಡಬಹುದು. ಸಿರ್ಸಿ ಅಡಿಕೆಗೆ 2019ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಹೊಸ ಗಿಡ ನೆಟ್ಟರೆ ಫಸಲಿಗೆ ಐದಾರು ವರ್ಷ ಬೇಕು. ಎಲೆಚುಕ್ಕಿ ರೋಗ ಬಂದ ಮೇಲೆ ತೋಟ ನೋಡುವಾಗ ತಲೆ ಎತ್ತಿ ನೋಡುವುದು ಅಗತ್ಯ. ಬುಡ ದಪ್ಪ ಇದೆ ಎಂದು ಖುಷಿಪಟ್ಟರೆ ಆಗಲಿಲ್ಲ.

ಆಸ್ಪತ್ರೆಯ ಬಗ್ಗೆ ವಯಸ್ಸಾದವರು ಮೊದಲೇ ಯೋಚಿಸಬೇಕು. ದೊಡ್ಡ ಕಾಯಿಲೆಗೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು ಎಂದು ಓಡಬೇಕು. ಹುಬ್ಬಳ್ಳಿಯೇ ನೂರು ಕಿಲೋಮೀಟರ್. ಸಿರ್ಸಿಗೆ ರೈಲಿಲ್ಲ. ಮಳೆಯಲ್ಲಿ ಮರ ಬಿದ್ದರೆ ಕರೆಂಟು, ಮೊಬೈಲು, ರಸ್ತೆ ಮೂರೂ ಒಟ್ಟಿಗೇ ಹೋಗುತ್ತವೆ. ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ರೋಗ ಇದು, 2024ರಲ್ಲಿ ಸಿದ್ದಾಪುರ ತಾಲೂಕಿನಲ್ಲೂ ಜೀವ ತೆಗೆದಿದೆ. ಹರಡುವುದು ಉಣುಗಿನಿಂದ. ದರಕು ಗುಡಿಸಲು ಬೆಟ್ಟಕ್ಕೆ ಹೋಗುವುದೂ ಇದೇ ತಿಂಗಳುಗಳಲ್ಲಿ. ಮೈತುಂಬ ಬಟ್ಟೆ ಹಾಕಿಕೊಂಡು ಹೋಗಿ, ಬಂದ ಕೂಡಲೇ ಬಿಸಿನೀರು ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಗೆಳೆಯ ಜುಲೈನಲ್ಲಿ ಮೂರನೇ ಸಲ ಬಂದ. ಆ ದಿನ ಒಂದೇ ಸಮ ಮಳೆ. ಕಾಲುಸಂಕದ ಮೇಲೆ ನೀರು ತಾಗುವಷ್ಟು ಹಳ್ಳ ಏರಿತ್ತು. ಕಾಲಿಗೆ ಹತ್ತಿದ ಉಂಬಳವನ್ನು ಅವನ ಹೆಂಡತಿ ತಾವೇ ಸುಣ್ಣ ಹಚ್ಚಿ ಬಿಡಿಸಿದರು. ಮನೆಯ ಹಿಂದಿನ ಧರೆಯಲ್ಲಿ ಬಿರುಕು ಇರಲಿಲ್ಲ. ಕೆಳಗಿನ ತೋಟದಲ್ಲಿ ನೀರು ನಿಂತಿರಲಿಲ್ಲ, ಬಸಿಗಾಲುವೆ ಕೆಲಸ ಮಾಡುತ್ತಿತ್ತು. ದರ 1 ಎಕರೆ 12 ಗುಂಟೆಗೆ, ಹಳೆ ಮನೆಗೆ ಎಂದು ಮಾತಾಯಿತು. ಹತ್ತು ಎಕರೆಗೆ ಅಲ್ಲ. ಗೇರು ಗಿಡದ ಎರಡೂವರೆ ಎಕರೆ ಅಜ್ಜನ ಕಿರಿಮಗನ ಹತ್ತಿರವೇ ಉಳಿಯಿತು, ಅವನು ಅಲ್ಲೇ ಪಕ್ಕದಲ್ಲಿ ಇದ್ದಾನೆ.

ಖರೀದಿಯ ದಿನ ಅಜ್ಜನ ಇಬ್ಬರು ಹೆಣ್ಣುಮಕ್ಕಳು ಕುಮಟಾದಿಂದ, ಹುಬ್ಬಳ್ಳಿಯಿಂದ ಬಂದು ಸಹಿ ಹಾಕಿದರು. ಪಕ್ಕದ ಮನೆಯವರೂ ಬಂದಿದ್ದರು, ಹಾದಿಯ ಒಪ್ಪಿಗೆಯನ್ನು ಬೇರೆ ಪತ್ರ ಮಾಡಿ ನೋಂದಾಯಿಸಲು. ಎಂಟು ಅಡಿ ಅಗಲ, ಬುಡದಲ್ಲಿ ಕಲ್ಲು ನೆಟ್ಟ ಗುರುತು ಇದ್ದಲ್ಲಿಂದ ಅಂಗಳದವರೆಗೆ. ಖರೀದಿ ಪತ್ರದ ಕೊನೆಗೆ ಗೆಳೆಯ ಒಂದು ಸಾಲು ಸೇರಿಸಲು ಕೇಳಿದ. ಬರೆಯುವವರು ಇಂಥದ್ದನ್ನು ದಿನಾ ಬರೆಯುವುದಿಲ್ಲ ಎಂದು ಒಮ್ಮೆ ತಲೆ ಎತ್ತಿ ನೋಡಿ, ಆಮೇಲೆ ಬರೆದರು: "ಮೇಲಿನ ಬೆಟ್ಟದ ಅಬ್ಬಿಯ ತೊಟ್ಟಿಯಿಂದ ಮೂರು ಮನೆಗೆ ರೂಢಿಯಿಂದ ಬರುವ ನೀರಿನಲ್ಲಿ ಒಂದು ಮನೆಯ ಪಾಲು." ಕೆಳಗೆ ಆ ಮೂರೂ ಮನೆಯವರ ಸಹಿ ಬಿತ್ತು.